ಪರದೆಯ ಮೇಲೆ ಹೊರಿಸಿದ್ದು

ಅಂಗಡಿಯ ಗೋಡೆಯುದ್ದಕ್ಕೂ ಹದಿನಾಲ್ಕು ಮಾನಿಟರುಗಳಿದ್ದವು. ಹದಿನಾಲ್ಕರಲ್ಲೂ ಅದೇ ಚಿತ್ರಗಳು ಸರದಿಯಲ್ಲಿ ಬಂದು ಹೋಗುತ್ತಿದ್ದವು: ಮೊದಲು ಒಂದು ಕೆಂಪು ಗಿಣಿ, ಆಮೇಲೆ ಹಿಮದ ಬೆಟ್ಟ, ಆಮೇಲೆ ಸ್ಟ್ರಾಬೆರಿ ಕಚ್ಚುತ್ತಿರುವ ಒಬ್ಬಳು ಬಿಳಿ ಹುಡುಗಿ, ಮತ್ತೆ ಗಿಣಿ. ಗಿಣಿ ಒಂದೇ; ಕೆಂಪು ಮಾತ್ರ ಹದಿನಾಲ್ಕು ಬಗೆ. ಒಂದರಲ್ಲಿ ಇಟ್ಟಿಗೆಯ ಕೆಂಪು, ಅದರ ಪಕ್ಕದಲ್ಲಿ ಟೊಮೆಟೊದ್ದು, ಮೂಲೆಯದರಲ್ಲಿ ಆಗತಾನೇ ಆದ ಗಾಯದ್ದು. ಹಾಲಿಸ್ ಟಾರ್ವರ್ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ. ದೇವರು ಆ ಹಕ್ಕಿಯನ್ನು ಮಾಡುವಾಗ ಒಂದೇ ಕೆಂಪನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಬೇಕು. ಅದು ಈ ಹದಿನಾಲ್ಕರಲ್ಲಿ ಯಾವುದೆಂದು ಹೇಳಬಲ್ಲವರು ಯಾರು? ಈ ಯೋಚನೆ ಅವನಿಗೆ ಹಿತವಾಗಿತ್ತು. ಹೊಚ್ಚ ಹೊಸ ಪರದೆಗಳೇ ಹೀಗೆ ಒಂದೊಂದು ಸುಳ್ಳು ಹೇಳುವುದಾದರೆ, ಮನೆಯಲ್ಲಿರುವ ಒಂಬತ್ತು ವರ್ಷದ ಹಳೆಯ ಪರದೆ ತನಗೂ ಒಂದು ಸುಳ್ಳು ಹೇಳಿದ್ದರಲ್ಲಿ ಆಶ್ಚರ್ಯವೇನಿದೆ? ಆದರೆ ಹಿತ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹುಡುಗಿ ಸ್ಟ್ರಾಬೆರಿ ಕಚ್ಚಿದಳು. ಹದಿನಾಲ್ಕು ಬಾಯಿಗಳು ಒಟ್ಟಿಗೇ ಅಗಿಯತೊಡಗಿದ ಹಾಗೆ ಕಂಡು ಅವನಿಗೆ ಭಾನುವಾರ ಚರ್ಚಿನ ಊಟದ ಹಜಾರ ನೆನಪಾಯಿತು.

ಕಪ್ಪು ಜನರ ಮೌಂಟ್ ಹೆಬ್ರಾನ್ ಚರ್ಚಿಗೆ ನೂರು ತುಂಬಿದ ವರ್ಷ ಅದು. ಸಭೆಯ ಇನ್ನೂರ ಹನ್ನೊಂದು ಜನರ ಮುಖ, ಹೆಸರು ಇರುವ ಪುಸ್ತಕವೊಂದು ಪ್ರತಿ ಮನೆಗೂ ಹೋಗಬೇಕೆಂದು ತೀರ್ಮಾನವಾದಾಗ, ಗಾಜಿನ ಕಾರ್ಖಾನೆಯಿಂದ ನಿವೃತ್ತನಾಗಿ ಕ್ಯಾಮೆರಾ ಹಿಡಿದು ಕೂತಿದ್ದ ಹಾಲಿಸ್‌ನನ್ನು ಕೇಳಿದರು. ಇದು ತನಗೆ ಮೇಲಿನಿಂದ ಬಂದ ಕೆಲಸ ಎಂದೇ ಅವನು ತಿಳಿದ. ಮೂರು ತಿಂಗಳು ಊಟದ ಹಜಾರದಲ್ಲಿ ಬೂದು ಬಟ್ಟೆ ಕಟ್ಟಿ, ಸ್ಟೂಲು ಇಟ್ಟು, ಒಬ್ಬೊಬ್ಬರನ್ನೂ ಕೂರಿಸಿ, ಗಲ್ಲ ಎತ್ತಿಸಿ, ನಗಿಸಿ, ಮನೆಗೆ ತಂದು ಪರದೆಯ ಮುಂದೆ ತಿದ್ದಿ ತೀಡಿ ಕೊಟ್ಟ. ಹೋದ ಭಾನುವಾರ ಆರಾಧನೆ ಮುಗಿದು, ಕೋಳಿ, ಸೊಪ್ಪು, ಜೋಳದ ರೊಟ್ಟಿಯ ತಟ್ಟೆಗಳ ನಡುವೆ ಪುಸ್ತಕ ಹಂಚಿದರು. ಸಭೆಗೆಲ್ಲ ತಾಯಿಯಂತಿದ್ದ, ಎಂಬತ್ತನಾಲ್ಕರ ಮದರ್ ಓಜೆಲ್ಲಾ ಕ್ರಂಪ್ ತನ್ನ ಪುಟ ತೆಗೆದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ಪುಸ್ತಕವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ನನ್ನ ಹ್ಯಾಟ್ ಹಾಕ್ಕೊಂಡು ಕೂತಿರೋ ಈ ಹೆಂಗಸು ಯಾರಪ್ಪಾ?"

ಹಜಾರವೆಲ್ಲ ಗೊಳ್ಳೆಂದಿತು. "ನಿಮ್ಮ ದೂರದ ನೆಂಟಳಿರಬೇಕು ಮದರ್, ಕನೆಕ್ಟಿಕಟ್‌ನ ಬಿಳಿಯರ ಕಡೆಯೋಳು!" ಎಂದು ಕೂಗಿದವನು ಡೀಕನ್ ಬರೆಲ್, ಚರ್ಚಿನ ಹಿರಿಯ, ಬಾಯಿಗೆ ಬೀಗವಿಲ್ಲದವನು. ನಗುತ್ತಲೇ ಬರೆಲ್ ತನ್ನ ಪುಟವನ್ನೂ ತೆಗೆದ. ಅವನ ನಗು ಅಲ್ಲಿಗೆ ನಿಂತಿತು. ಅದೊಂದು ನಗು ನಿಂತದ್ದು ಹಾಲಿಸ್‌ಗೆ ಮಿಕ್ಕ ಎಲ್ಲ ನಗುವಿಗಿಂತ ಜೋರಾಗಿ ಕೇಳಿಸಿತು. ಬೇರೆ ಮೇಜುಗಳಲ್ಲೂ ಒಂದೆರಡು ಕಡೆ ಪುಟಗಳು ಮೆಲ್ಲಗೆ ಮುಚ್ಚಿಕೊಂಡವು. ಎಣ್ಣೆಗಪ್ಪು ಮುಖಗಳು ಪುಸ್ತಕದಲ್ಲಿ ಹಾಲು ಹೆಚ್ಚಾದ ಕಾಫಿಯಂತಾಗಿದ್ದವು. ಒಳಗಿನ ರಕ್ತ ಬಸಿದು ತೆಗೆದ ಹಾಗಿದ್ದವು. ಆಗ ಅವನ ಬಾಯಿಂದ ಆ ಮಾತು ಬಂತು. ಯೋಚಿಸಿ ಆಡಿದ್ದಲ್ಲ. ಕಾಲು ಜಾರಿದವನ ಕೈ ಪಕ್ಕದಲ್ಲಿ ಸಿಕ್ಕಿದ್ದನ್ನು ಹಿಡಿಯುವ ಹಾಗೆ ಬಂದದ್ದು.

"ನನ್ನ ಮಾನಿಟರ್ ಕೆಟ್ಟುಹೋಗಿದೆ. ಹಳೇದು. ಅದರಲ್ಲಿ ಎಲ್ಲ ಕತ್ತಲೆ ಕತ್ತಲೆಯಾಗಿ ಕಾಣ್ತಿತ್ತು, ಅದಕ್ಕೇ..."

ಎಲ್ಲರಿಗೂ ಉಸಿರು ಬಂದ ಹಾಗಾಯಿತು. ಯಂತ್ರದ ತಪ್ಪೆಂದರೆ ಯಾರೂ ಯಾರನ್ನೂ ನೋಡದೆ ಇರಬಹುದು. ಪಾಸ್ಟರ್ ಅಲ್ಲೇ ಕೈ ಎತ್ತಿ, ಸಹೋದರ ಹಾಲಿಸ್‌ಗೆ ಒಳ್ಳೆಯ ಪರದೆಯೊಂದು ದೊರೆಯಲಿ, ಅವನ ಕೈಕೆಲಸ ನೆಟ್ಟಗಾಗಲಿ, ಪುಸ್ತಕ ಇನ್ನೊಮ್ಮೆ ಅಚ್ಚಾಗಲಿ ಎಂದು ಪ್ರಾರ್ಥಿಸಿದರು. ಇನ್ನೂರು ಜನ ಆಮೆನ್ ಅಂದರು. ಹಾಲಿಸ್ ಕೂಡ ಅಂದ. ಹೊರಡುವಾಗ ಮದರ್ ಓಜೆಲ್ಲಾ ಅವನ ತೋಳು ಹಿಡಿದು, "ಗುರುವಾರ ಹತ್ತು ಗಂಟೆಗೆ ನಿಮ್ಮನೆಗೆ ಬರ್ತೀನಿ. ಆ ಪರದೆ ಪಕ್ಕದಲ್ಲೇ ಕೂತ್ಕೋತೀನಿ. ನನ್ನ ಮುಖ ನೋಡ್ಕೊಂಡು ಸರಿಮಾಡು, ಗೊತ್ತಾಯ್ತಾ?" ಅಂದಳು. ಇವತ್ತು ಮಂಗಳವಾರ.

"ಆಟಕ್ಕೋ, ಆಫೀಸಿಗೋ?"

ಪಕ್ಕದಲ್ಲಿ ಅಂಗಡಿಯವನು ನಿಂತಿದ್ದ. ಅರವತ್ತರ ಆಸುಪಾಸು, ದಪ್ಪ ಮೀಸೆ. ಎದೆಯ ಮೇಲಿನ ಪಟ್ಟಿಯಲ್ಲಿ ಡೊಂಬ್ರೊವ್ಸ್ಕಿ ಎಂದಿತ್ತು.

"ಫೋಟೋ ತಿದ್ದೋದಕ್ಕೆ. ಅಚ್ಚಾಗೋ ಫೋಟೋಗಳು."

"ಹಾಗಾದ್ರೆ ಈ ಥಳಥಳ ಅನ್ನೋದರ ತಂಟೆಗೆ ಹೋಗ್ಬೇಡಿ ಸರ್. ಇದು ಹೊಸ ಅಳಿಯ ಇದ್ದ ಹಾಗೆ, ಅಂಗಡೀಲಿ ನೋಡೋಕೆ ಚೆಂದ, ಮನೆಗೆ ಹೋದ್ಮೇಲೆ ನಿಮ್ಮ ಮುಖಾನೇ ಅದರಲ್ಲಿ ಕಾಣ್ತಿರುತ್ತೆ. ಹೊಳಪಿಲ್ಲದ್ದು ತಗೊಳ್ಳಿ. ಇಗೋ, ಇದು. ಇಪ್ಪತ್ತೇಳು ಇಂಚು, ಅಂಚಿಂದ ಅಂಚಿಗೆ ಬೆಳಕು ಒಂದೇ ಸಮ. ಕಂಪ್ಯೂಟರ್ ಯಾವ ಕಾಲದ್ದು?"

"ನಾಲ್ಕು ವರ್ಷ."

"ಅದು ಇರ್ಲಿ ಬಿಡಿ. ಮೆಮೊರಿ ಒಂದಿಷ್ಟು ಹೆಚ್ಚಿಗೆ ಹಾಕಿಸಿ, ಸಾಕು. ಜನ ಡಬ್ಬಕ್ಕೆ ಸುರೀತಾರೆ, ಪರದೆಗೆ ಜಿಪುಣತನ ಮಾಡ್ತಾರೆ. ನೋಡೋದು ಯಾವುದನ್ನ? ಡಬ್ಬಾನಾ? ಅಂದಹಾಗೆ, ನಿಮ್ಮ ಕೋಣೆ ಗೋಡೆ ಯಾವ ಬಣ್ಣ?"

"ಗೋಡೆನಾ? ಪೀಚ್ ಹಣ್ಣಿನ ಬಣ್ಣ. ನನ್ನ ಹೆಂಡತಿ ಬಳಿಸಿದ್ದು."

"ಅಯ್ಯೋ ದೇವರೇ," ಎಂದು ಡೊಂಬ್ರೊವ್ಸ್ಕಿ ಹಣೆ ಮುಟ್ಟಿಕೊಂಡ. "ಬೂದು ಬಳಿಸಿ ಸರ್. ಕಣ್ಣು ಸುತ್ತ ಇರೋದನ್ನ ಕುಡಿಯುತ್ತೆ, ಆಮೇಲೆ ಪರದೆ ಮೇಲೆ ತಪ್ಪು ಹೇಳುತ್ತೆ."

ಗೋಡೆ! ಹಾಲಿಸ್‌ನ ಎದೆ ಹಗುರಾಯಿತು. ಪರದೆ ಮಾತ್ರವಲ್ಲ, ಗೋಡೆಯೂ ಸೇರಿಕೊಂಡಿದೆ. ಮತ್ತೆ ಕಣ್ಣು, ಹೋದ ವರ್ಷ ವೈದ್ಯರು ಎಡಗಣ್ಣಿನಲ್ಲಿ ಪೊರೆ ಶುರುವಾಗಿದೆ ಎಂದಿದ್ದರಲ್ಲ? ಅಚ್ಚಿನವರ ಶಾಯಿಯನ್ನೂ ಯಾರು ನೋಡಿದ್ದಾರೆ? ಹೀಗೆ ಅವನು ಒಬ್ಬೊಬ್ಬರನ್ನೇ ಕರೆದು ಕಟಕಟೆಯಲ್ಲಿ ನಿಲ್ಲಿಸುತ್ತಿದ್ದಂತೆ ಗಿಣಿ ಹೋಗಿ ಬೆಟ್ಟ ಬಂತು, ಬೆಟ್ಟ ಹೋಗಿ ಹುಡುಗಿ ಬಂದಳು. "ಈ ಚಿತ್ರಗಳಲ್ಲಿ ಕಪ್ಪು ಮುಖ ಒಂದೂ ಇಲ್ವಾ?" ಎಂದು ಕೇಳಿಯೇಬಿಟ್ಟ.

ಡೊಂಬ್ರೊವ್ಸ್ಕಿ ಗೋಡೆಯ ಕಡೆ ತಿರುಗಿ, ಚಿತ್ರಗಳೆಲ್ಲ ಒಂದು ಸುತ್ತು ಬರುವವರೆಗೂ ನೋಡಿದ. "ಹನ್ನೊಂದು ವರ್ಷದಿಂದ ಇಲ್ಲೇ ನಿಂತಿದೀನಿ. ಯಾರೂ ಕೇಳಿರ್ಲಿಲ್ಲ. ನನಗೂ ಕಂಡಿರ್ಲಿಲ್ಲ ನೋಡಿ," ಎಂದ. ಅವನ ದನಿಯಲ್ಲಿ ನಾಚಿಕೆಯಿತ್ತು. ಗೆದ್ದೆ ಎನ್ನಿಸಬೇಕಿತ್ತು, ಬದಲಿಗೆ ಹಾಲಿಸ್‌ನ ಕಿವಿ ಬಿಸಿಯಾಯಿತು. ಈ ಪ್ರಶ್ನೆ ಕೇಳುವ ಹಕ್ಕು ತನಗೆಲ್ಲಿಂದ ಬಂತು ಎಂದು ಒಳಗೆ ಯಾರೋ ಕೇಳಿದ ಹಾಗಾಯಿತು.

ಹೊರಡುವಾಗ ಡೊಂಬ್ರೊವ್ಸ್ಕಿ ಪೆಟ್ಟಿಗೆಯ ಮೇಲೆ ಇನ್ನೊಂದು ಸಣ್ಣ ಪೊಟ್ಟಣ ಇಟ್ಟ. ಪರದೆಯ ಮೇಲೆ ಇಳಿಬಿಟ್ಟರೆ ಬಣ್ಣವನ್ನೂ ಬೆಳಕನ್ನೂ ಅಳೆದು ಹೇಳುವ ಒಂದು ಬಿಲ್ಲೆ. "ಇದನ್ನ ಮೊದಲು ಹಳೇದರ ಮೇಲೆ ಇಟ್ಟು ನೋಡಿ. ಹಳೇದು ಸರಿಯಾಗಿದ್ರೆ ಹೊಸದನ್ನ ಬಿಚ್ಚಲೇಬೇಡಿ, ವಾಪಸ್ ತಗೋತೀನಿ. ಹತ್ತು ಜನ ಪರದೆನ ಬೈಕೊಂಡು ಬಂದ್ರೆ ಏಳು ಜನದ್ದು ಅದರ ತಪ್ಪಿರೋದಿಲ್ಲ. ಪಾಪ, ಅದಕ್ಕೆ ಬಾಯಿಲ್ಲ."

ಆದರೆ ಮನೆಗೆ ಬಂದವನು ಹೊಸ ಪರದೆಯ ಪೆಟ್ಟಿಗೆಯನ್ನೇ ಮೊದಲು ಬಿಚ್ಚಿದ. ಕಾಲು ಜೋಡಿಸಿದ, ತಂತಿ ಸಿಕ್ಕಿಸಿದ, ಹಳೆಯದನ್ನು ತಬ್ಬಿ ಎತ್ತಿಕೊಂಡು ಮನೆಯ ಹಿಂದಿನ ಕಸದ ತೊಟ್ಟಿಯ ಕಡೆ ನಡೆದ. ಅಡುಗೆಮನೆಯ ಬಾಗಿಲಲ್ಲಿ ರೊಶೆಲ್ ಅಡ್ಡ ನಿಂತಳು. ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಗಂಡ ಯಾವಾಗ ಸಾಮಾನು ಒಯ್ಯುತ್ತಾನೆ, ಯಾವಾಗ ತಪ್ಪಿಸಿಕೊಂಡು ಓಡುತ್ತಾನೆ ಎಂಬುದು ಅವನ ಭುಜ ನೋಡಿದರೆ ತಿಳಿಯುತ್ತಿತ್ತು.

"ಎಲ್ಲಿಗೆ ಹೊರಟಿತು ಮೆರವಣಿಗೆ?"

"ಕೆಟ್ಟಿರೋದನ್ನ ಇಟ್ಕೊಂಡು ಏನ್ ಮಾಡೋದು?"

"ಕೆಟ್ಟಿದೆ ಅಂತ ಯಾರು ಹೇಳಿದ್ದು? ನಿನ್ನೆ ಅದರಲ್ಲೇ ಮೊಮ್ಮಗಳ ಹುಟ್ಟುಹಬ್ಬದ ಫೋಟೋ ನೋಡಿದೆ. ಮಗು ಮಗು ಥರಾನೇ ಇತ್ತು, ಕೇಕ್ ಕೇಕ್ ಥರಾನೇ ಇತ್ತು. ಆ ಪೊಟ್ಟಣ ಏನು?"

"ಅಳೆಯೋದು."

"ಅಳೀ ಮತ್ತೆ. ನನ್ನ ಗೋಡೆ ಮೇಲೆ ದೂರು ಹೇಳೋಕೆ ಮುಂಚೆ ಅಳೀ." ಗೋಡೆಯ ವಿಷಯ ಅವನು ಇನ್ನೂ ಬಾಯಿ ಬಿಟ್ಟಿರಲಿಲ್ಲ, ಆದರೆ ದಾರಿಯಲ್ಲಿ ಪೇಂಟಿನ ಅಂಗಡಿಯಿಂದ ತಂದ ಬೂದು ಬಣ್ಣದ ಮಾದರಿ ಚೀಟಿ ಅವನ ಜೇಬಿನಿಂದ ಇಣುಕುತ್ತಿತ್ತು.

ಮಂಗಳವಾರ ಅಳೆಯಲಿಲ್ಲ. ಬುಧವಾರ ಬೆಳಿಗ್ಗೆ ಬೈಬಲ್ ಅಭ್ಯಾಸಕ್ಕೆ ಹೋಗಬೇಕೆಂದು ಹೊರಟವನು, ಅಲ್ಲಿ ಪಾಸ್ಟರ್ ಸಿಕ್ಕಿ ಪರದೆ ಬಂತೇ ಎಂದು ಕೇಳಿಬಿಟ್ಟರೆ ಎನ್ನಿಸಿ, ಕಾರಿನಲ್ಲಿ ಹತ್ತು ನಿಮಿಷ ಕೂತು ವಾಪಸಾದ. ಮಧ್ಯಾಹ್ನ ಊಟವಾದ ಮೇಲೆ ಬೇರೆ ಯಾವ ಕೆಲಸವೂ ಉಳಿಯದಿದ್ದಾಗ, ಕೋಣೆಯ ಕಿಟಕಿ ಮುಚ್ಚಿ, ಹಳೆಯ ಮಾನಿಟರನ್ನು ಮತ್ತೆ ಮೇಜಿನ ಮೇಲಿಟ್ಟು, ಬಿಲ್ಲೆಯನ್ನು ಅದರ ಎದೆಯ ಮೇಲೆ ಇಳಿಬಿಟ್ಟ. ವೈದ್ಯರು ಎದೆ ಪರೀಕ್ಷಿಸುವ ಕೊಳವೆ ಇಟ್ಟ ಹಾಗೆ ಕಂಡಿತು. ಪರದೆ ಕೆಂಪಾಯಿತು, ಹಸಿರಾಯಿತು, ನೀಲಿಯಾಯಿತು, ಬೂದು ಬಣ್ಣದ ಒಂದೊಂದೇ ಮೆಟ್ಟಿಲು ಇಳಿದು ಕಪ್ಪಾಯಿತು. ಹಾಲಿಸ್ ಕೈ ಜೋಡಿಸಿಕೊಂಡು ಕೂತಿದ್ದ. ಪ್ರಾರ್ಥಿಸುತ್ತಿದ್ದೇನೆ ಎಂದು ಅರಿವಾದಾಗ ಏನನ್ನು ಬೇಡುತ್ತಿದ್ದೇನೆಂದೂ ಅರಿವಾಯಿತು. ಒಂದು ಬಡಪಾಯಿ ಯಂತ್ರ ಹಾಳಾಗಿರಲಿ ಎಂದು ಅವನು ದೇವರನ್ನು ಬೇಡುತ್ತಿದ್ದ. ಐದು ನಿಮಿಷಕ್ಕೆ ಫಲಿತಾಂಶ ಬಂತು. ಬೆಳಕು ಕೂದಲೆಳೆಯಷ್ಟು ಕಡಿಮೆ, ಬಣ್ಣ ಒಂದು ಚೂರು ಹಳದಿಯ ಕಡೆಗೆ. ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ಕಾಣದು. ಮತ್ತೊಮ್ಮೆ ಅಳೆದ. ಅದೇ. ಒಂಬತ್ತು ವರ್ಷ ಅವನ ಮುಂದೆ ಕೂತು ಕಂಡದ್ದನ್ನು ಕಂಡ ಹಾಗೆಯೇ ಹೇಳಿದ ಪ್ರಾಣಿಯ ಮೇಲೆ ಅವನು ಇನ್ನೂರು ಜನರೆದುರು ಕಳಂಕ ಹೊರಿಸಿದ್ದ.

ಆಮೇಲೆ ಮದರ್ ಓಜೆಲ್ಲಾಳ ಚಿತ್ರದ ಕಡತ ತೆಗೆದ. ತಿದ್ದುಪಡಿಗಳನ್ನೆಲ್ಲ ಅವನು ಮೂಲ ಚಿತ್ರದ ಮೇಲೆ ಪದರ ಪದರವಾಗಿ ಹಾಕಿಡುತ್ತಿದ್ದ. ಒಂದೊಂದು ಪದರಕ್ಕೂ ಒಂದು ಹೆಸರು. ಹಿನ್ನೆಲೆಯದೊಂದು, ಹ್ಯಾಟಿನ ಮೇಲಿನ ಧೂಳು ತೆಗೆದದ್ದೊಂದು, ಎಲ್ಲಕ್ಕೂ ಮೇಲೆ 'ಬೆಳಕು' ಎಂಬುದೊಂದು. ಆ ಪದರವನ್ನೊಂದೇ ಬಿಡಿಸಿ ನೋಡಿದ. ಅದು ಹಣೆಯಲ್ಲಿ ಶುರುವಾಗಿ, ಕೆನ್ನೆ ಸವರಿ, ಮೂಗಿನ ಎರಡೂ ಪಕ್ಕ ಇಳಿದು, ಕುತ್ತಿಗೆ ಮುಗಿಸಿ, ಕೊರಳಪಟ್ಟಿಯ ಅಂಚಿನಲ್ಲಿ ಒಂದು ಕೂದಲೂ ಆಚೀಚೆ ಹೋಗದೆ ನಿಂತಿತ್ತು. ಪರದೆ ಕತ್ತಲೆಯಾಗಿದ್ದರೆ ಹ್ಯಾಟೂ ಕತ್ತಲೆಯಾಗಿ ಕಂಡು, ಅದಕ್ಕೂ ಬೆಳಕು ಬಿದ್ದಿರಬೇಕಿತ್ತು. ಗೋಡೆಯ ಪೀಚ್ ಬಣ್ಣವಾಗಲಿ ಕಣ್ಣಿನ ಪೊರೆಯಾಗಲಿ ಕುಂಚ ಹಿಡಿದು ಇಷ್ಟು ನಾಜೂಕಾಗಿ ಮುಖವನ್ನಷ್ಟೇ ಆರಿಸಿಕೊಳ್ಳಲಾರವು. ಬರೆಲ್‌ನದನ್ನು ತೆಗೆದ, ಅಲ್ಲೂ 'ಬೆಳಕು'. ಸಂಜೆಯವರೆಗೆ ಇನ್ನೂರ ಹನ್ನೊಂದನ್ನೂ ತೆಗೆದು ನೋಡಿದ. ಇಪ್ಪತ್ಮೂರರಲ್ಲಿ ಆ ಪದರವಿತ್ತು. ಸಭೆಯಲ್ಲಿ ಎಲ್ಲರಿಗಿಂತ ಕಪ್ಪಾದ ಇಪ್ಪತ್ಮೂರು ಮುಖಗಳು. ಜೇನುಬಣ್ಣದವರನ್ನು ಅವನ ಕುಂಚ ಮುಟ್ಟಿರಲಿಲ್ಲ. ಮರದ ತೊಗಟೆಯ ಬಣ್ಣದ ತನ್ನ ಮುಖವನ್ನೂ ಮುಟ್ಟಿರಲಿಲ್ಲ.

ಯಾವಾಗ ಮಾಡಿದೆ ಇದನ್ನೆಲ್ಲ? ನೆನಪಿತ್ತು, ಇರಲಿಲ್ಲ. ಚರ್ಚಿನ ಬಾಗಿಲಲ್ಲಿ ಅಮ್ಮ ಬೆರಳಿಗೆ ಎಂಜಲು ಹಚ್ಚಿಕೊಂಡು ಮಗುವಿನ ಕೆನ್ನೆ ಒರೆಸುತ್ತಾಳಲ್ಲ, ಹಾಗೆ, ಒಳ್ಳೆಯ ಹಾಡು ಗುನುಗುತ್ತಾ, ಕೈ ತನ್ನಷ್ಟಕ್ಕೆ ಹೋಗಿ ಬಂದಿತ್ತು. ಅಮ್ಮ ಒರೆಸುತ್ತಿದ್ದಳು. ಅವನನ್ನು ಒಂದು ಸಲ, ತಂಗಿ ಲಿಯೋಥಾಳನ್ನು ಮೂರು ಸಲ. "ನೀನು ಪರವಾಗಿಲ್ಲ, ಇವಳದೇ ನನಗೆ ಯೋಚನೆ," ಎನ್ನುತ್ತಿದ್ದಳು, ಮೊಣಕೈಗೆ ನಿಂಬೆಹೋಳು ಉಜ್ಜುತ್ತಾ. ಲಿಯೋಥಾ ಅಪ್ಪನ ಬಣ್ಣ ಹೊತ್ತು ಬಂದವಳು. ಅಮ್ಮ ಅವಳನ್ನು ಎಲ್ಲರಿಗಿಂತ ಹೆಚ್ಚು ಮುದ್ದಿಸುತ್ತಿದ್ದಳು, ಎಲ್ಲರಿಗಿಂತ ಹೆಚ್ಚು ನೆರಳಲ್ಲಿ ಕೂರಿಸುತ್ತಿದ್ದಳು. ಎರಡೂ ಒಂದೇ ಪ್ರೀತಿಯೆಂದು ಅವನಿಗೆ ಹತ್ತು ವರ್ಷ ತುಂಬುವವರೆಗೆ ಅನ್ನಿಸಿತ್ತು. ಆ ವರ್ಷ ಶಾಲೆಯಲ್ಲಿ ಲಿಯೋಥಾಳ ತರಗತಿಯ ಚಿತ್ರ ಹಂಚಿದರು. ಬಿಳಿ ಮಕ್ಕಳ ಮುಖಕ್ಕೆ ಹೊಂದಿಸಿದ ಬೆಳಕು. ಎರಡನೆಯ ಸಾಲಿನಲ್ಲಿ ಲಿಯೋಥಾಳ ಮುಖವಿರಬೇಕಾದಲ್ಲಿ ಒಂದು ಕತ್ತಲೆ, ಕತ್ತಲೆಯಲ್ಲಿ ಎರಡು ಕಣ್ಣು, ಒಂದು ಸಾಲು ಹಲ್ಲು. ಬಸ್ಸಿನಲ್ಲಿ ಹುಡುಗರು ನಕ್ಕರು. ಅವನೂ ನಕ್ಕ. ತಡೆಯಲಾಗದೆ ನಕ್ಕ ಎಂದು ಐವತ್ತು ವರ್ಷ ಹೇಳಿಕೊಂಡಿದ್ದಾನೆ. ಮನೆಗೆ ಬಂದು ಅವಳು ಕೂದಲಿನ ಪಿನ್ನು ತೆಗೆದು ಚಿತ್ರದಲ್ಲಿ ತನ್ನ ಮುಖವನ್ನು ಕೆರೆದು ಹಾಕಿದಳು, ಅಳಲಿಲ್ಲ. ಮೊದಲ ಕ್ಯಾಮೆರಾ ಕೊಂಡ ದಿನ ಅವನು ಮಾಡಿಕೊಂಡ ಹರಕೆ ಇಷ್ಟೇ: ನನ್ನ ಚಿತ್ರದಲ್ಲಿ ಯಾರ ಮುಖವೂ ಕತ್ತಲೆಗೆ ಹೋಗಬಾರದು. ಹರಕೆ ಒಳ್ಳೆಯದೇ. ಆದರೆ ಅದಕ್ಕೆ ಹಾದಿಯಿತ್ತು. ಸ್ಟೂಲಿನ ಪಕ್ಕದಲ್ಲಿ ದೀಪವಿತ್ತು, ಅದನ್ನು ಎರಡು ಹೆಜ್ಜೆ ಹತ್ತಿರ ತಂದಿದ್ದ, ಮೂಲ ಚಿತ್ರಗಳಲ್ಲಿ ಇಪ್ಪತ್ಮೂರು ಮುಖಗಳೂ ಕತ್ತಲೆಗೆ ಹೋಗಿರಲಿಲ್ಲ. ಸ್ಪಷ್ಟವಾಗಿ, ಸುಂದರವಾಗಿ, ಕಪ್ಪಾಗಿ ಇದ್ದವು. ಅಷ್ಟಾದ ಮೇಲೂ ಒರೆಸಿದ್ದ. ಮಣ್ಣು ಕಲಸಿ ಮನುಷ್ಯನನ್ನು ಮಾಡಿದವನು ಬೇಕೆಂದೇ ಕರಿಮಣ್ಣು ಆರಿಸಿಕೊಂಡಿದ್ದನ್ನು ತಾನು ಕೂತು ತೊಳೆದಿದ್ದ. ಊಟಕ್ಕೆ ಕರೆದ ರೊಶೆಲ್‌ಗೆ ಹೊಟ್ಟೆ ಸರಿಯಿಲ್ಲ ಎಂದ. ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಹಳೆಯ ಪರದೆಯ ಮೇಲೆ ಇನ್ನೂ ಜೋತಾಡುತ್ತಿದ್ದ ಬಿಲ್ಲೆಯನ್ನು ನೋಡಿ, ಅವನ ತಟ್ಟೆ ಮುಚ್ಚಿಡಲು ಹೋದಳು.

ಗುರುವಾರ ಹತ್ತಕ್ಕೆ ಐದು ನಿಮಿಷವಿರುವಾಗಲೇ ಮದರ್ ಓಜೆಲ್ಲಾ ಬಂದಳು. ಕೋಲು ಬಾಗಿಲಿಗೆ ಒರಗಿಸಿ, ರೊಶೆಲ್ ಕೊಟ್ಟ ಕಾಫಿಯನ್ನು "ಇದೇನು ಸ್ನಾನದ ನೀರಾ?" ಎಂದು ಬೈದು, ಪೂರ್ತಿ ಕುಡಿದು, ಕುರ್ಚಿಯನ್ನು ಹೊಸ ಪರದೆಯ ಪಕ್ಕಕ್ಕೆ ಎಳೆಸಿಕೊಂಡು ಕೂತಳು. ಕೋಣೆ ಮಬ್ಬಾಗಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಕಿಟಕಿ ತೆಗೆಯೋ. ನಲವತ್ತು ವರ್ಷ ಡ್ರೈ ಕ್ಲೀನಿಂಗ್ ಅಂಗಡೀಲಿ ಹರಿದ ಬಟ್ಟೆಗೆ ದಾರ ಹೊಂದಿಸಿದೀನಿ. ಬಣ್ಣ ನೋಡ್ಬೇಕಾದ್ರೆ ಕಿಟಕಿ ಹತ್ತಿರ ಹೋಗ್ಬೇಕು."

"ಇದಕ್ಕೆ ಮಬ್ಬೇ ಇರಬೇಕು ಮದರ್. ಪರದೆಗೇ ಅದರ ಬೆಳಕು ಇರುತ್ತೆ."

"ಹಾಗೋ. ಒಳ್ಳೇ ಪರದೆನೇ ಕೊಟ್ಟ ದೇವರು. ಎಷ್ಟು ಅಗಲ! ಸರಿ, ಶುರು ಮಾಡು."

ಅವನು ಕಡತ ತೆಗೆದ. ಇಪ್ಪತ್ತೇಳು ಇಂಚಿನ ತುಂಬ ಆ ಬಸಿದ ಮುಖ ಹರಡಿಕೊಂಡಿತು. ಹೊಸ ಪರದೆಯಲ್ಲಿ ಅದು ಇನ್ನೂ ಕ್ರೂರವಾಗಿ ಕಂಡಿತು. ಕೆಲಸ ಸುಲಭವಿತ್ತು. ಒಂದು ಗುಂಡಿ ಒತ್ತಿದರೆ ಪದರ ಹೋಗುತ್ತದೆ, ನಿಜವಾದ ಮುಖ ಬರುತ್ತದೆ, ಹೊಸ ಪರದೆಗೆ ಸ್ತೋತ್ರ ಹೇಳಿ ಮುದುಕಿ ಮನೆಗೆ ಹೋಗುತ್ತಾಳೆ. ಭಾನುವಾರ ಪಾಸ್ಟರ್ ಪ್ರಾರ್ಥನೆ ಈಡೇರಿದ್ದಕ್ಕೆ ಇನ್ನೊಂದು ಪ್ರಾರ್ಥನೆ ಮಾಡುತ್ತಾರೆ. ಯಾರಿಗೂ ನಷ್ಟವಿಲ್ಲ. ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಪಕ್ಕದಲ್ಲಿ ಆ ಮುಖ ಉಸಿರಾಡುತ್ತಿತ್ತು, ಅದರ ಬಿಸಿ ತೋಳಿಗೆ ತಾಗುತ್ತಿತ್ತು.

"ಮದರ್, ಹಳೇ ಪರದೆ ಕೆಟ್ಟಿರ್ಲಿಲ್ಲ."

ಅವಳು ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡಳು.

"ನಾನೇ ಮಾಡಿದ್ದು. ನನ್ನ ಕೈ. ಮುಖಕ್ಕೆ ಮಾತ್ರ ಮಾಡಿದೀನಿ. ನಿಮ್ಮೊಬ್ಬರಿಗೇ ಅಲ್ಲ."

"ಗೊತ್ತಿತ್ತು ಕಣೋ."

ಅವನು ತಿರುಗಿದ.

"ಭಾನುವಾರನೇ ಗೊತ್ತಿತ್ತು. ಹ್ಯಾಟ್ ನೇರಳೆ ಬಣ್ಣ ಹಾಗೇ ಇತ್ತು, ಗ್ಲೋವ್ಸ್ ಹಾಗೇ ಇತ್ತು. ಯಾವ ಕಲೆ ಬಟ್ಟೇದು, ಯಾವ ಕಲೆ ಕೈದು ಅಂತ ನನಗೆ ತಿಳಿಯಲ್ವಾ?"

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಪಾಸ್ಟರ್ ಕಣ್ಣು ಮುಚ್ಚಿಬಿಟ್ರು. ಪ್ರಾರ್ಥನೆ ಮಧ್ಯೆ ಬಾಯಿ ಹಾಕ್ತಾರಾ?" ಅವಳು ನಗಲಿಲ್ಲ. "ಯಾರಿಗೋಸ್ಕರ ಮಾಡ್ದೆ? ನನಗೆ ಚೆಂದ ಕಾಣ್ಲಿ ಅಂತಲೋ, ನಿನಗೆ ನೋಡೋಕಾಗ್ದೆ ಇದ್ದಿದ್ದಕ್ಕೋ?"

ಉತ್ತರ ಹುಡುಕಿದ. ಮೊದಲನೆಯದೆಂದು ಹೇಳಬಹುದಿತ್ತು, ಅದರಲ್ಲೂ ಸ್ವಲ್ಪ ನಿಜವಿತ್ತು. "ಗೊತ್ತಿಲ್ಲ ಮದರ್. ಎರಡೂ ಇರಬೇಕು," ಎಂದ.

"ಹ್ಞೂಂ. ತೆಗಿ ಅದನ್ನ."

ಒತ್ತಿದ. ಪದರ ಹೋಯಿತು. ಮುಖ ಬಂತು, ಒಳಗಿನಿಂದ ಮೇಲೆ ಬಂದ ಹಾಗೆ ಬಂತು. ಹಣೆಯ ಮೇಲೆ ನೀಲಿ ಮಿಶ್ರಿತ ಹೊಳಪು, ಕೆನ್ನೆಯ ಮೂಳೆಯ ಕೆಳಗೆ ಕಾಡುನೇರಳೆಯ ನೆರಳು, ತುಟಿಯ ಅಂಚಿನ ಗೆರೆಗಳು ಉತ್ತ ಮಣ್ಣಿನ ಹಾಗೆ. ಓಜೆಲ್ಲಾ ಮುಂದೆ ಬಾಗಿದಳು. ಆಮೇಲೆ ಬೆರಳೆತ್ತಿ ಪರದೆಯ ಹತ್ತಿರ ತಂದು, ಮುಟ್ಟದೆ ನಿಲ್ಲಿಸಿದಳು.

"ಇಗೋ, ಇಲ್ಲಿ. ಹಣೆಯಿಂದ ಮೂಗಿನವರೆಗೆ. ಇದು ನಮ್ಮಪ್ಪ."

ಅವನಿಗೆ ಅರ್ಥವಾಗಲಿಲ್ಲ.

"ಅಪ್ಪನದು ಒಂದು ಫೋಟೋನೂ ಇಲ್ಲ ಕಣೋ. ಮಿಸ್ಸಿಸಿಪ್ಪೀಲಿ ರೈಲು ಹಳಿಗೆ ಮರ ಹಾಸ್ತಿದ್ದ. ನನಗೆ ಆರು ವರ್ಷ ಅವನು ಸತ್ತಾಗ. ಮುಖ ಮರೆತೇ ಹೋಗಿದೆ ಅಂದ್ಕೊಂಡಿದ್ದೆ." ಅವಳ ದನಿ ಸಣ್ಣದಾಗಿತ್ತು, ಆರು ವರ್ಷದ್ದೇ ಇರಬಹುದು. "ನೀನು ಒರೆಸಿದ್ದು ನನ್ನೊಬ್ಬಳನ್ನೇ ಅಲ್ಲ, ತಿಳ್ಕೊ."

ಹಾಲಿಸ್ ಎದ್ದು ನಿಂತ, ಮತ್ತೆ ಕೂತ. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

"ನನ್ನ ಹತ್ರ ಮುಗೀತು. ನಾನು ಕ್ಷಮಿಸಿದೆ ಅಂದ್ರೆ ಒಬ್ಬಳು ಕ್ಷಮಿಸಿದ ಹಾಗೆ. ಒಟ್ಟು ಎಷ್ಟು ಜನ?"

"ಇಪ್ಪತ್ಮೂರು."

"ಭಾನುವಾರ ಸಭೆ ಮುಂದೆ ಎದ್ದು ನಿಂತು ಸಾಕ್ಷಿ ಹೇಳ್ತೀನಿ ಅಂತ ನನಗೆ ಮಾತು ಕೊಡ್ಬೇಡ. ಭಾನುವಾರ ದೂರ ಇದೆ, ಅಷ್ಟರಲ್ಲಿ ನಿನಗೆ ಜ್ವರ ಬರುತ್ತೆ. ಒಬ್ಬೊಬ್ಬರನ್ನೇ ಕರೆಸು. ಇದೇ ಕುರ್ಚೀಲಿ ಕೂರಿಸು. ಈಗ ಯಾರು?"

ಎರಡನೆಯ ಹೆಸರು ಅವನಿಗೆ ಗೊತ್ತಿತ್ತು. ಊರಿನ ಪ್ರತಿ ಅಡುಗೆಮನೆಗೂ ಸಂಜೆಯೊಳಗೆ ಸುದ್ದಿ ಮುಟ್ಟಿಸಬಲ್ಲ ಬಾಯಿ ಅದು. ಫೋನು ಎತ್ತಿಕೊಂಡು ಸಂಖ್ಯೆ ಒತ್ತಿದ. ಓಜೆಲ್ಲಾ ಅವನ ಕಡೆ ನೋಡುತ್ತಿರಲಿಲ್ಲ. ಕುರ್ಚಿ ಇನ್ನೂ ಮುಂದಕ್ಕೆ ಎಳೆದುಕೊಂಡು, ಪರದೆಯ ಮೇಲಿನ ಹಣೆಯನ್ನೇ ನೋಡುತ್ತ ಕೂತಿದ್ದಳು. ಆ ಕಡೆಯಿಂದ ಬರೆಲ್‌ನ ದೊಡ್ಡ ಗಂಟಲು ಕೇಳಿಸಿತು.

"ಏನಯ್ಯಾ ಹಾಲಿಸ್! ಬಂತಾ ಹೊಸ ಪರದೆ? ನನ್ನನ್ನ ಮತ್ತೆ ಮನುಷ್ಯನ್ನ ಮಾಡ್ತೀಯೋ ಇಲ್ವೋ?"

"ಡೀಕನ್," ಎಂದ ಹಾಲಿಸ್. "ಇವತ್ತು ಮಧ್ಯಾಹ್ನ ಒಂದರ್ಧ ಗಂಟೆ ಮನೆಗೆ ಬರ್ತೀರಾ? ಬರೋಕೆ ಮುಂಚೆ ಒಂದು ಮಾತು ಕೇಳ್ಕೊಂಡು ಬನ್ನಿ. ಪರದೆ ಸರಿಯಾಗೇ ಇತ್ತು."

ಆ ಕಡೆ ಸದ್ದಿಲ್ಲ. ಬರೆಲ್ ಸುಮ್ಮನಾದದ್ದನ್ನು ಅವನು ಈ ಜನ್ಮದಲ್ಲಿ ಎರಡನೆಯ ಸಲ ಕೇಳುತ್ತಿದ್ದ. ಆ ಮೌನ ಮುಗಿಯುವವರೆಗೆ ಫೋನು ಕಿವಿಗೆ ಒತ್ತಿ ಹಿಡಿದುಕೊಂಡೇ ನಿಂತ.